ಕರೆದರೆ ‘ಓ’ ಅನ್ನುವವರು ಬೇಕು

(ಹಾಸನದಲ್ಲಿ ಪುಟ್ಟ ಮಕ್ಕಳ ಪೋಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮುಂದೆ ವಾಕ್ ಚಿಕಿತ್ಸಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಎರಡು ವರ್ಷ ನಾಲ್ಕು ತಿಂಗಳ ಒಂದು ಗಂಡು ಮಗುವಿನ ಕತೆಯಿಂದ ಶುರು ಮಾಡುತ್ತೇನೆ. ಅಮ್ಮ, ಅಜ್ಜಿ ಇಬ್ಬರೂ ಅವನನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಬಾಗಿಲು ದಾಟುವಾಗಲೇ ಹುಡುಗ ಎ ಇಂದ ಝಡ್‌ವರೆಗೆ ರಾಗವಾಗಿ ಹಾಡುತ್ತಿದ್ದ. ಗೋಡೆಯ ಮೇಲಿನ ಚಿತ್ರ ನೋಡಿ ಬಣ್ಣಗಳ ಹೆಸರನ್ನು ಇಂಗ್ಲಿಷಿನಲ್ಲಿ ಪಟಪಟ ಹೇಳಿದ. ಉಚ್ಚಾರಣೆಯೂ ಥೇಟ್ ಅಮೆರಿಕದ ಮಕ್ಕಳದ್ದೇ. ಅಜ್ಜಿಯ ಮುಖದಲ್ಲಿ ಹೆಮ್ಮೆ ಇತ್ತು. ಅಮ್ಮನ ಮುಖದಲ್ಲಿ ಮಾತ್ರ ಭಯ ಇತ್ತು.

“ಬಾಯಾರಿಕೆ ಆದರೆ ಏನು ಅಂತಾನಮ್ಮಾ?” ಅಂತ ಕೇಳಿದೆ.

“ಏನೂ ಅನ್ನಲ್ಲ ಮೇಡಂ. ಕೈ ಹಿಡ್ಕೊಂಡು ಅಡುಗೆಮನೆಗೆ ಎಳ್ಕೊಂಡು ಹೋಗ್ತಾನೆ.”

ಅವನ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದೆ. ಮೂರು ಸಲ ಕರೆದೆ. ತಿರುಗಲಿಲ್ಲ. ಅಷ್ಟರಲ್ಲಿ ಅಮ್ಮನ ಬ್ಯಾಗಿನೊಳಗೆ ಮೊಬೈಲು ‘ಟಿಣ್’ ಅಂದಿತು. ತಕ್ಷಣ ತಿರುಗಿದ.

ಇಪ್ಪತ್ತಾರು ಅಕ್ಷರ, ಬಣ್ಣಗಳ ಹೆಸರು, ಪ್ರಾಣಿಗಳ ಹೆಸರು ಬರುವ ಮಗುವಿಗೆ ‘ನೀರು’ ಅನ್ನುವ ಒಂದು ಮಾತು ಬಂದಿರಲಿಲ್ಲ. ಅಮ್ಮ ಅಂತ ಕರೆಯಲು ಬಂದಿರಲಿಲ್ಲ. ಕರೆದರೆ ಓ ಅನ್ನಲು ಬಂದಿರಲಿಲ್ಲ.

ನಮ್ಮ ಕಡೆ ತೋಟದ ಆ ಬದಿಯಿಂದ ಯಾರಾದರೂ ಕೂಗಿದರೆ ಈ ಬದಿಯಿಂದ ‘ಓ’ ಅನ್ನುತ್ತೇವೆ. ಏನು ವಿಷಯ ಅನ್ನುವುದು ಆಮೇಲೆ. ಮೊದಲು ಓ. ನೀನು ಕೂಗಿದ್ದು ಕೇಳಿಸಿತು, ನಾನು ಇಲ್ಲೇ ಇದ್ದೀನಿ ಅಂತ ಅದರ ಅರ್ಥ. ಓಗೊಡುವುದು ಅಂತೀವಲ್ಲ, ಅದು. ಇಪ್ಪತ್ತು ವರ್ಷದಿಂದ ಮಕ್ಕಳ ಜೊತೆ ಕೂತು ನಾನು ಕಲಿತದ್ದು ಏನೆಂದರೆ, ಮಗುವಿನ ಮಾತು, ನೆಮ್ಮದಿ, ಧೈರ್ಯ ಎಲ್ಲ ನಿಂತಿರುವುದು ಈ ಓ ಮೇಲೆ. ಮೊಬೈಲಿನ ಬಗ್ಗೆ ನನಗಿರುವ ತಕರಾರೂ ಇದೇ. ಅದು ಮಗುವಿಗೆ ದಿನವಿಡೀ ಮಾತು ಕೇಳಿಸುತ್ತದೆ. ಮಗು ಕರೆದರೆ ಓ ಅನ್ನುವುದಿಲ್ಲ.

ಬಾಣಂತಿ ಮನೆಗೆ ಒಮ್ಮೆ ಹೋಗಿ ನೋಡಿ. ಮೂರು ತಿಂಗಳ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಅಜ್ಜಿ ಎಣ್ಣೆ ತಿಕ್ಕುತ್ತಿರುತ್ತಾರೆ. ಕೂಸು “ಊಂ” ಅನ್ನುತ್ತದೆ. ಅಜ್ಜಿ “ಊಂ, ಹೌದಾ ಕಂದಾ, ಆಮೇಲೇನಾಯ್ತು?” ಅನ್ನುತ್ತಾರೆ. ಕೂಸು ಮತ್ತೆ “ಆಂ” ಅನ್ನುತ್ತದೆ. “ಅಯ್ಯೋ, ನಿಮ್ಮಪ್ಪ ಬೈದ್ನಾ? ಬರಲಿ ಇರು” ಅಂತಾರೆ. ಅಜ್ಜಿ ಸುಮ್ನೆ ಮಾತಾಡಿಸುತ್ತಿದ್ದಾರೆ ಅಂತ ನಮಗೆ ಅನಿಸುತ್ತದೆ. ಆದರೆ ಮಾತು ಅನ್ನುವುದು ಹೇಗೆ ನಡೆಯುತ್ತದೆ ಅಂತ ಆ ಮಗು ಅಲ್ಲೇ ಕಲಿಯುತ್ತಿದೆ. ನಾನು ಒಂದು ಸದ್ದು ಮಾಡಿದರೆ ಆ ಮುಖ ಅರಳುತ್ತದೆ. ಅವರು ಮುಗಿಸುವವರೆಗೆ ನಾನು ಕಾಯಬೇಕು. ಆಮೇಲೆ ನನ್ನ ಸರದಿ. ಒಂದು ಪದವೂ ಬರುವ ಮೊದಲೇ ಮಗುವಿಗೆ ಇಷ್ಟು ಗೊತ್ತಾಗಿರುತ್ತದೆ.

ಆ ಮುಖ ಅರಳದಿದ್ದರೆ ಏನಾಗುತ್ತದೆ? ಅಮೆರಿಕದಲ್ಲಿ ಎಡ್ವರ್ಡ್ ಟ್ರೋನಿಕ್ ಅನ್ನುವ ಮನೋವಿಜ್ಞಾನಿ 1970ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ತಾಯಿ ಮಗುವಿನ ಜೊತೆ ನಗುತ್ತ ಆಡುತ್ತಿರುತ್ತಾಳೆ. ಆಮೇಲೆ ಎರಡು ಮೂರು ನಿಮಿಷ ಎದುರಿಗೇ ಕೂತು, ಮಗುವನ್ನೇ ನೋಡುತ್ತ, ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳಬೇಕು. ಕೂಸು ಮೊದಲು ನಗುತ್ತದೆ. ಕೈ ಚಾಚುತ್ತದೆ. ಸದ್ದು ಮಾಡುತ್ತದೆ. ತನಗೆ ಗೊತ್ತಿರುವ ಆಟವನ್ನೆಲ್ಲ ಮಾಡಿ ನೋಡುತ್ತದೆ. ಅಮ್ಮ ಅಲುಗುವುದಿಲ್ಲ. ಕೊನೆಗೆ ಮುಖ ತಿರುಗಿಸಿಕೊಂಡು ಸೋತು ಕೂರುತ್ತದೆ, ಇಲ್ಲವೇ ಅಳುತ್ತದೆ. ಅದರ ವಿಡಿಯೊ ತೋರಿಸಿದಾಗೆಲ್ಲ ತಾಯಂದಿರು ನೋಡಲಾಗದೆ ತಲೆ ತಗ್ಗಿಸುತ್ತಾರೆ. ನನಗೂ ಪ್ರತಿಸಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಈಗ ಯೋಚಿಸಿ. ಮೊಬೈಲು ನೋಡುವಾಗ ನಮ್ಮ ಮುಖ ಹೇಗಿರುತ್ತದೆ?

ಇದಕ್ಕೆ ಮತ್ತೆ ಬರುತ್ತೇನೆ. ಅದಕ್ಕೂ ಮೊದಲು ಇನ್ನೊಂದು ಪ್ರಯೋಗದ ಬಗ್ಗೆ ಹೇಳಬೇಕು. “ಮೇಡಂ, ಅದರಲ್ಲೂ ಮಾತೇ ಅಲ್ವಾ ಬರೋದು? ನಾವು ಆಡೋದಕ್ಕಿಂತ ಜಾಸ್ತೀನೇ ಬರುತ್ತೆ” ಅಂತ ಬಹಳ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ನಮ್ಮಲ್ಲಿ ಲ ಇದೆ, ಳ ಇದೆ. ಹಾಲು ಬೇರೆ, ಹಾಳು ಬೇರೆ. ಆರು ತಿಂಗಳ ಕೂಸು ಯಾವ ದೇಶದ್ದಾದರೂ ಇಂಥ ವ್ಯತ್ಯಾಸಗಳನ್ನು ಗುರುತಿಸುತ್ತದೆ. ವರ್ಷ ತುಂಬುವ ಹೊತ್ತಿಗೆ ತನ್ನ ಮನೆಯಲ್ಲಿ ಕೇಳುವ ಭಾಷೆಗೆ ಬೇಕಾದ್ದನ್ನು ಗಟ್ಟಿಮಾಡಿಕೊಂಡು ಉಳಿದದ್ದರ ಮೇಲೆ ಹಿಡಿತ ಬಿಡುತ್ತ ಹೋಗುತ್ತದೆ. ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 2003ರಲ್ಲಿ ಪ್ರಕಟಿಸಿದ ಕೆಲಸ ಇದರ ಮೇಲೆಯೇ. ಇಂಗ್ಲಿಷ್ ಮಾತಾಡುವ ಮನೆಗಳ ಒಂಬತ್ತು ತಿಂಗಳ ಕೂಸುಗಳನ್ನು ಆರಿಸಿಕೊಂಡರು. ಕೆಲವು ಕೂಸುಗಳ ಜೊತೆ ಚೀನಾದ ಮ್ಯಾಂಡರಿನ್ ಭಾಷೆ ಆಡುವವರು ನೆಲದ ಮೇಲೆ ಕೂತು ಪುಸ್ತಕ ತೋರಿಸುತ್ತ, ಗೊಂಬೆ ಆಡಿಸುತ್ತ ಮಾತಾಡಿದರು. ಒಂದು ಸಲಕ್ಕೆ 25 ನಿಮಿಷ, ಹೀಗೆ 12 ಸಲ. ಇನ್ನು ಕೆಲವು ಕೂಸುಗಳಿಗೆ ಅದೇ ಜನ, ಅದೇ ಪುಸ್ತಕ, ಅದೇ ಮಾತನ್ನು ಟೀವಿಯಲ್ಲಿ ತೋರಿಸಿದರು.

ಮನುಷ್ಯರ ಜೊತೆ ಆಡಿದ ಕೂಸುಗಳು ಮ್ಯಾಂಡರಿನ್ನಿನ ಸದ್ದುಗಳನ್ನು ಆ ಭಾಷೆಯ ಮನೆಯಲ್ಲೇ ಹುಟ್ಟಿದ ಕೂಸುಗಳಷ್ಟು ಚೆನ್ನಾಗಿ ಗುರುತಿಸಿದವು. ಟೀವಿ ನೋಡಿದ ಕೂಸುಗಳು? ಏನೂ ಕಲಿತಿರಲಿಲ್ಲ. ಆ ಭಾಷೆ ಕೇಳದೇ ಇದ್ದ ಕೂಸುಗಳ ಹಾಗೇ ಇದ್ದವು. ಕಣ್ಣು ಬಿಟ್ಟುಕೊಂಡು ನೋಡಿದ್ದವು, ನಿಜ. ಕಲಿಕೆ ಮಾತ್ರ ಆಗಲಿಲ್ಲ.

ಹಾಗಾದರೆ ಪರದೆ ಅನ್ನುವುದೇ ಕೆಟ್ಟದ್ದಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. 2014ರಲ್ಲಿ ಬಂದ ಇನ್ನೊಂದು ಅಧ್ಯಯನ ನನ್ನ ಯೋಚನೆಯನ್ನು ತಿದ್ದಿತು. ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಮೂರು ಥರ ಕಲಿಸಿದರು. ಎದುರಿಗೆ ಕೂತು, ವಿಡಿಯೊ ಕಾಲ್‌ನಲ್ಲಿ, ಮತ್ತು ಮೊದಲೇ ರೆಕಾರ್ಡ್ ಮಾಡಿದ ವಿಡಿಯೊದಲ್ಲಿ. ರೆಕಾರ್ಡ್ ಮಾಡಿದ್ದರಿಂದ ಮಕ್ಕಳು ಕಲಿಯಲಿಲ್ಲ. ಎದುರಿಗೆ ಕೂತಾಗ ಕಲಿತರು. ವಿಡಿಯೊ ಕಾಲ್‌ನಲ್ಲೂ ಕಲಿತರು! ಪರದೆ ಅದೇ. ಆ ಕಡೆ ಇದ್ದವರು ಮಗು ಮಾತಾಡಿದಾಗ ನಿಲ್ಲಿಸಿ ಕೇಳುತ್ತಿದ್ದರು, ಮಗು ನಕ್ಕರೆ ನಗುತ್ತಿದ್ದರು. ಓ ಅನ್ನುತ್ತಿದ್ದರು.

ಇದನ್ನು ನಾನು ಒತ್ತಿ ಹೇಳಲು ಕಾರಣ ಇದೆ. ನಿಮ್ಮಲ್ಲಿ ಎಷ್ಟೋ ಜನರ ಮೊಮ್ಮಕ್ಕಳು ಬೆಂಗಳೂರಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿ ಇದ್ದಾರೆ. ವಾರಕ್ಕೊಮ್ಮೆ ವಿಡಿಯೊ ಕಾಲ್ ಬರುತ್ತದೆ. “ಹಾಯ್ ಹೇಳು, ಅಜ್ಜಿಗೆ ಮುತ್ತು ಕೊಡು, ಹಾಡು ಹೇಳು” ಅಂತ ಎರಡು ನಿಮಿಷ ಆಗುವಷ್ಟರಲ್ಲಿ ಮಗು ಓಡಿಹೋಗುತ್ತದೆ. ಅಜ್ಜಿಗೆ ಬೇಜಾರು. ನಮ್ಮ ಪರಿಚಯದ ಹೊಳೆನರಸೀಪುರ ಕಡೆಯ ಒಬ್ಬ ಅಜ್ಜಿ ಬೇರೆ ಥರ ಮಾಡಿದರು. ನಮ್ಮ ಸಂಜೆ ಅಮೆರಿಕದಲ್ಲಿ ಬೆಳಗ್ಗೆ ಅಲ್ವಾ? ಮೂರು ವರ್ಷದ ಮೊಮ್ಮಗಳು ಅಲ್ಲಿ ತಿಂಡಿಗೆ ಕೂರುವ ಹೊತ್ತಿಗೆ ಇವರು ಇಲ್ಲಿ ಫೋನನ್ನು ಡಬ್ಬಕ್ಕೆ ಒರಗಿಸಿ ಕೆಲಸಕ್ಕೆ ಕೂರುತ್ತಿದ್ದರು. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿತುಕುತ್ತಿದ್ದರು. ಕಾಳು ಪುಳಕ್ ಅಂತ ಹಾರಿದಾಗೆಲ್ಲ ಮಗು ನಗುತ್ತಿತ್ತು. “ಅಜ್ಜಿ, ಇನ್ನೊಂದು!” ಅನ್ನುತ್ತಿತ್ತು. ಕಾಳು ಎಲ್ಲಿ ಬಿತ್ತು ಅಂತ ಇಬ್ಬರೂ ಹುಡುಕುತ್ತಿದ್ದರು. ಆ ಮಗು ರಜೆಗೆ ಊರಿಗೆ ಬಂದಾಗ ನೇರವಾಗಿ ಅಡುಗೆಮನೆಗೆ ಹೋಗಿ “ಕಾಳು ಎಲ್ಲಿ?” ಅಂತ ಕೇಳಿತಂತೆ. ಅಮೆರಿಕದಲ್ಲಿ ಬೆಳೆಯುವ ಮಗು, ಆ ‘ಳ’ ಸ್ಪಷ್ಟವಾಗಿತ್ತಂತೆ. ಅಜ್ಜಿ ಇದನ್ನು ನನಗೆ ಹೇಳುವಾಗ ಕಣ್ಣು ಒರೆಸಿಕೊಂಡರು.

ಮಕ್ಕಳಿಗೆ ಎರಡು ಮೂರು ಭಾಷೆ ಒಟ್ಟಿಗೆ ಕೇಳಿಸಿದರೆ ಮಾತು ತಡವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಸನದ ಎಷ್ಟೋ ಮನೆಗಳಲ್ಲಿ ಕನ್ನಡ, ಉರ್ದು, ತುಳು, ತಮಿಳು ಒಟ್ಟಿಗೇ ಓಡಾಡುತ್ತವೆ. ಮಕ್ಕಳು ಆರಾಮಾಗಿ ಕಲಿಯುತ್ತಾರೆ. ಮನೆಯವರಿಗೆ ಯಾವ ಭಾಷೆಯಲ್ಲಿ ಪ್ರೀತಿ ಸಲೀಸಾಗಿ ಹರಿಯುತ್ತದೋ ಆ ಭಾಷೆಯಲ್ಲಿ ಮಾತಾಡಿ. ಶಾಲೆಗೆ ಸುಲಭ ಆಗಲಿ ಅಂತ ಬಾರದ ಇಂಗ್ಲಿಷಿನಲ್ಲಿ ಮಗುವಿನ ಜೊತೆ ನಾಲ್ಕೇ ಮಾತು ಆಡುವ ತಾಯಂದಿರನ್ನು ನೋಡಿದರೆ ನನಗೆ ತುಂಬ ನೋವಾಗುತ್ತದೆ. ಆ ಮಗುವಿಗೆ ಸಿಗಬೇಕಾದ ಸಾವಿರ ಮಾತು ಹಾಗೇ ಗಂಟಲಲ್ಲಿ ಉಳಿದುಬಿಡುತ್ತದೆ.

ಟೀವಿ ಬಗ್ಗೆ ಒಂದು ಮಾತು. “ಮಗು ನೋಡಲ್ಲ ಮೇಡಂ, ಸುಮ್ನೆ ಹಾಕಿರ್ತೀವಿ” ಅನ್ನುತ್ತೀರಿ. 2009ರಲ್ಲಿ ಅಮೆರಿಕದಲ್ಲಿ ಎರಡು ತಿಂಗಳಿಂದ ನಾಲ್ಕು ವರ್ಷದವರೆಗಿನ 329 ಮಕ್ಕಳಿಗೆ ಪುಟ್ಟ ರೆಕಾರ್ಡರ್ ಕಟ್ಟಿ ದಿನವಿಡೀ ಏನೇನು ಕೇಳಿಸಿತು ಅಂತ ಲೆಕ್ಕ ಹಾಕಿದರು. ಟೀವಿ ಸದ್ದು ಇದ್ದ ಒಂದೊಂದು ಗಂಟೆಗೂ ಮಗುವಿಗೆ ದೊಡ್ಡವರಿಂದ ಕೇಳಿಸಿದ ಪದಗಳು 770ರಷ್ಟು ಕಡಿಮೆಯಾಗಿದ್ದವು. ಮಗುವಿನ ಸದ್ದೂ ಕಡಿಮೆಯಾಗಿತ್ತು. ಧಾರಾವಾಹಿ ಓಡುತ್ತಿದ್ದರೆ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ಅಷ್ಟೇ ವಿಷಯ. ನೋಡುವವರಿಲ್ಲದಿದ್ದರೆ ಆರಿಸಿಬಿಡಿ.

ಈಗ ನಮ್ಮ ಮುಖದ ವಿಷಯ. ಮಕ್ಕಳ ಮೊಬೈಲಿನ ಬಗ್ಗೆ ಮಾತಾಡಲು ಎಲ್ಲರೂ ತಯಾರು. ನಮ್ಮದರ ಬಗ್ಗೆ ಮಾತಾಡುವುದು ಕಷ್ಟ. ಬಾಸ್ಟನ್ನಿನಲ್ಲಿ ಮಕ್ಕಳ ವೈದ್ಯೆ ಜೆನ್ನಿ ರಡೆಸ್ಕಿ ಮತ್ತು ಅವರ ತಂಡ ಹೋಟೆಲುಗಳಲ್ಲಿ ಮಕ್ಕಳ ಜೊತೆ ಊಟಕ್ಕೆ ಬಂದ 55 ಜನ ದೊಡ್ಡವರನ್ನು ದೂರದಿಂದ ಗಮನಿಸಿದರು. 2014ರಲ್ಲಿ ಪ್ರಕಟವಾಯಿತು. 40 ಜನ ಊಟದ ನಡುವೆ ಫೋನು ಬಳಸಿದ್ದರು. ಫೋನಿನಲ್ಲಿ ಮುಳುಗಿಹೋದವರ ಮಕ್ಕಳು ಕೆಲವರು ತಮ್ಮ ಪಾಡಿಗೆ ತಾವು ಇದ್ದರು. ಇನ್ನು ಕೆಲವರು ಗಮನ ಸೆಳೆಯಲು ಚೇಷ್ಟೆ ಹೆಚ್ಚಿಸಿದರು. ಆಗ ದೊಡ್ಡವರಿಂದ ಸಿಕ್ಕಿದ್ದು ಸಿಡುಕು.

ನನ್ನ ಮನೆಯಲ್ಲೇ ಇದು ಆಗಿದೆ. ಮಗಳಿಗೆ ಆಗ ನಾಲ್ಕು ವರ್ಷ. ನಾನು ಕೆಲಸದ ಮೆಸೇಜು ನೋಡುತ್ತಿದ್ದೆ. ಅವಳು ಬಂದು ಅಂಗೈಯಲ್ಲಿದ್ದ ಏನನ್ನೋ ತೋರಿಸುತ್ತ “ಅಮ್ಮ, ಅಮ್ಮ” ಅಂದಳು. “ಹೂಂ” ಅಂದೆ. ಮತ್ತೆ ಕರೆದಳು. “ಹೂಂ ಪುಟ್ಟಾ.” ಆಮೇಲೆ ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿ, “ಕಣ್ಣಲ್ಲಿ ಕೇಳಮ್ಮಾ” ಅಂದಳು. ಅಂಗೈಯಲ್ಲಿ ಒಂದು ಗುಲಗಂಜಿ ಹುಳ ಇತ್ತು. ಕೆಂಪು ಮೈ, ಕಪ್ಪು ಚುಕ್ಕಿ. ಆ ದಿನದಿಂದ ನಾನು ಮನೆಯಲ್ಲಿ ಒಂದು ಅಭ್ಯಾಸ ಮಾಡಿಕೊಂಡೆ. ಫೋನು ನೋಡಲೇಬೇಕಾದಾಗ ಮಗುವಿಗೆ ಹೇಳಿ ನೋಡುತ್ತೇನೆ. “ಮಾವನಿಗೆ ಮೆಸೇಜು ಹಾಕ್ತಿದ್ದೀನಿ, ಮುಗಿದ ಕೂಡಲೇ ನಿನ್ನ ಹತ್ರ ಬರ್ತೀನಿ” ಅಂತ. ಮಗುವಿಗೆ ಕಾಯುವುದು ಕಷ್ಟ ಅಲ್ಲ. ಅಮ್ಮ ಇಲ್ಲೇ ಇದ್ದೂ ಎಲ್ಲಿಗೆ ಹೋದಳು ಅಂತ ಗೊತ್ತಾಗದೇ ಇರುವುದು ಕಷ್ಟ.

ಊಟದ ವಿಷಯ. ಇಲ್ಲಿ ಕೂತಿರುವವರಲ್ಲಿ ಮೊಬೈಲು ಕೊಟ್ಟು ತುತ್ತು ತಿನ್ನಿಸುವವರು ಕೈ ಎತ್ತಿ ಅಂದರೆ ಅರ್ಧಕ್ಕಿಂತ ಜಾಸ್ತಿ ಕೈ ಏಳುತ್ತವೆ, ಗೊತ್ತು. ಬೈಯಲು ಕೇಳುತ್ತಿಲ್ಲ. ಮಗು ತಿನ್ನದಿದ್ದರೆ ತಾಯಿಗೆ ಆಗುವ ಆತಂಕ, ಅತ್ತೆ ಆಡುವ ಮಾತು ಎರಡೂ ನನಗೆ ಗೊತ್ತು. ಆದರೆ ವಿಡಿಯೊ ನೋಡುತ್ತ ತಿನ್ನುವ ಮಗು ಬಾಯಿ ಮಾತ್ರ ತೆರೆಯುತ್ತದೆ. ಹಸಿವು, ಹೊಟ್ಟೆ ತುಂಬಿದ್ದು, ಬೇಳೆಯ ರುಚಿ, ತುಪ್ಪದ ವಾಸನೆ ಏನೂ ಅದರ ಗಮನಕ್ಕೆ ಬರುವುದಿಲ್ಲ. ಅಗಿಯುವುದನ್ನೂ ಮರೆಯುತ್ತದೆ. ಮೂರು ವರ್ಷವಾದರೂ ಮಿಕ್ಸಿಗೆ ಹಾಕಿದ ಅನ್ನವೇ ಬೇಕು ಅನ್ನುವ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಅಗಿಯುವ ನಾಲಿಗೆ, ದವಡೆಗಳೇ ಮಾತಾಡುವುದೂ ಅಲ್ವಾ?

ಸೊಂಟದ ಮೇಲೆ ಕೂರಿಸಿಕೊಂಡು ಅಂಗಳಕ್ಕೆ ಬಂದು ಚಂದಮಾಮ ತೋರಿಸಿ, ಕಾಗೆಗೊಂದು ತುತ್ತು, ಕರುವಿಗೊಂದು ತುತ್ತು ಅಂತ ತಿನ್ನಿಸುತ್ತಿದ್ದ ಕಾಲದಲ್ಲೂ ಮಗುವಿನ ಗಮನ ಬೇರೆಡೆ ಸೆಳೆಯುತ್ತಿದ್ದೆವಲ್ಲ, ಅದೂ ಇದೂ ಒಂದೇ ಅಲ್ವಾ ಅಂತ ಒಬ್ಬ ತಂದೆ ಕೇಳಿದರು. ಒಳ್ಳೆಯ ಪ್ರಶ್ನೆ ಅದು. ಕಾಗೆ ಹಾರಿಹೋಗುತ್ತದೆ. ಆಗ ಮಗು ನಮ್ಮ ಮುಖ ನೋಡುತ್ತದೆ. “ಕಾಗೆ ಎಲ್ಲಿ ಹೋಯ್ತು?” ಅನ್ನುತ್ತೇವೆ. ಮಗು ಬೆರಳು ತೋರಿಸುತ್ತದೆ. ಆ ಬೆರಳು ತೋರಿಸುವುದಿದೆಯಲ್ಲ, ಅದು ಭಾಷೆಯ ಹೊಸ್ತಿಲು. ಮೊಬೈಲಿನ ಕಾಗೆ ಹಾರಿಹೋದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ. ಮಗು ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಎಷ್ಟು ಹೊತ್ತು ಕೊಡಬಹುದು ಅನ್ನುವುದು ಎಲ್ಲರ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷದೊಳಗೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆ ಆದರೆ ಇನ್ನೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ, ಎರಡು ವರ್ಷದೊಳಗೆ ಬೇಡ ಅನ್ನುತ್ತದೆ. ನೆಂಟರ ಜೊತೆಗಿನ ವಿಡಿಯೊ ಕಾಲ್‌ಗೆ ಮಾತ್ರ ವಿನಾಯಿತಿ. ಯಾಕೆ ಅಂತ ಈಗ ನಿಮಗೆ ಗೊತ್ತು. ಆ ಒಂದು ಗಂಟೆಯನ್ನೂ ಮಗುವಿನ ಪಕ್ಕ ಕೂತು ನೋಡಿ. “ಆನೆ ಯಾಕೆ ಅಳ್ತಿದೆ?” ಅಂತ ಕೇಳಿ. ತಾನಾಗೇ ಮುಂದಿನ ವಿಡಿಯೊಗೆ ಹೋಗುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ. ಒಂದು ಕತೆ ಮುಗಿದರೆ ಮುಗಿಯಬೇಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಾತು ತಡವಾದ ಮಕ್ಕಳಿಗೆಲ್ಲ ಮೊಬೈಲೇ ಕಾರಣ ಅಂತ ತಿಳಿಯಬೇಡಿ. ಆಟಿಸಂ ಅಂದರೆ ಮಗು ಬೇರೆಯವರ ಜೊತೆ ಬೆರೆಯುವ, ಮಾತಾಡುವ ರೀತಿಯೇ ಬೇರೆಯಾಗಿರುವ ಒಂದು ಬೆಳವಣಿಗೆಯ ಸ್ಥಿತಿ. ಮೊಬೈಲಿನಿಂದಲೇ ಅದು ಬರುತ್ತದೆ ಅನ್ನುವ ಅರ್ಥದಲ್ಲಿ ‘ವರ್ಚುವಲ್ ಆಟಿಸಂ’ ಅನ್ನುವ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ವೈದ್ಯರು ಬಳಸುವ ರೋಗಗಳ ಪಟ್ಟಿಯಲ್ಲಿ ಅಂಥ ಹೆಸರೇ ಇಲ್ಲ. ಆಟಿಸಂ ಇರುವ ಮಗುವಿನ ತಾಯಿಗೆ “ನೀನು ಮೊಬೈಲು ಕೊಟ್ಟೆ, ಅದಕ್ಕೇ ಹೀಗಾಯ್ತು” ಅನ್ನುವುದು ದೊಡ್ಡ ಅನ್ಯಾಯ. ಹಾಗೆಯೇ “ಅವರಪ್ಪನಿಗೂ ತಡವಾಗೇ ಮಾತು ಬಂದದ್ದು, ಕಾಯೋಣ” ಅನ್ನುವುದೂ ತಪ್ಪು. ಎರಡು ವರ್ಷಕ್ಕೆ ಸುಮಾರು ಐವತ್ತು ಪದ ಇರಬೇಕು. ‘ಅಮ್ಮ ಬಾ’, ‘ಹಾಲು ಬೇಕು’ ಅಂತ ಎರಡು ಪದ ಜೋಡಿಸಬೇಕು. ಒಂದೂವರೆ ವರ್ಷವಾದರೂ ಬೆರಳು ತೋರಿಸದಿದ್ದರೆ, ಕರೆದಾಗ ತಿರುಗದಿದ್ದರೆ ತೋರಿಸಿ. ಮೊದಲು ಕಿವಿ ಪರೀಕ್ಷೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಲೆಂದೇ ಡಿ.ಇ.ಐ.ಸಿ. ಕೇಂದ್ರಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಡೀ ದೇಶದಿಂದ ಅಲ್ಲಿಗೆ ಬರುತ್ತಾರೆ. ನಮಗೆ ಎರಡೂವರೆ ಮೂರು ಗಂಟೆ ದಾರಿ. ಅಂಗನವಾಡಿಯ ಅಕ್ಕಂದಿರೇ, ಇದನ್ನು ತಾಯಂದಿರಿಗೆ ನೀವು ಹೇಳಿದರೆ ನಾನು ಹೇಳುವುದಕ್ಕಿಂತ ಬೇಗ ಒಳಗಿಳಿಯುತ್ತದೆ.

ನಿದ್ದೆ, ಕಣ್ಣು ಎರಡನ್ನೂ ಬೇಗ ಹೇಳಿ ಮುಂದೆ ಹೋಗುತ್ತೇನೆ. ಕತ್ತಲಾಗುತ್ತಿದ್ದಂತೆ ಮೈಯಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನ್ ಹೆಚ್ಚಾಗಿ ನಿದ್ದೆಗೆ ದಾರಿ ಮಾಡುತ್ತದೆ. 2018ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಮೂರರಿಂದ ಐದು ವರ್ಷದ ಹತ್ತು ಮಕ್ಕಳನ್ನು ಮಲಗುವ ಮೊದಲು ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಿಸಿದರು. ಮೆಲಟೋನಿನ್ ಸುಮಾರು 88 ಶೇಕಡಾ ಇಳಿಯಿತು. ಅದು ಮೊಬೈಲು ಅಲ್ಲ, ಒಳಗಿನಿಂದ ಬೆಳಗುವ ಮೇಜು. ಆದರೆ ಪುಟ್ಟ ಕಣ್ಣು ರಾತ್ರಿಯ ಬೆಳಕಿಗೆ ಎಷ್ಟು ನಾಜೂಕು ಅಂತ ತಿಳಿಯುತ್ತದೆ. ಮಲಗುವ ಒಂದು ಗಂಟೆ ಮೊದಲೇ ಫೋನು ದೂರ ಇಡಿ, ದೀಪವನ್ನೂ ಮಂಕು ಮಾಡಿ. ಇನ್ನು ಕಣ್ಣು. ದೂರದ್ದು ಕಾಣದ ತೊಂದರೆ ತಡೆಯಲು ನಮಗೆ ಗೊತ್ತಿರುವ ಒಳ್ಳೆಯ ಉಪಾಯ ಹೊರಗಿನ ಬೆಳಕು. ತೈವಾನಿನಲ್ಲಿ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳಿಸುವ ಯೋಜನೆ ನಡೆಸಿದರು. ವರ್ಷವರ್ಷ ಏರುತ್ತಿದ್ದ ಕಣ್ಣಿನ ತೊಂದರೆ ಇಳಿಯತೊಡಗಿತು. ಲಗೋರಿ, ಕುಂಟೆಬಿಲ್ಲೆ, ಬುಗುರಿ ಏನಾದರೂ ಇರಲಿ. ಒಂದು ಆಟದ ಬಯಲು ಉಳಿಸಿಕೊಡಿ ಅಂತ ನಗರಾಡಳಿತದವರು ಯಾರಾದರೂ ಇಲ್ಲಿದ್ದರೆ ಕೈ ಮುಗಿದು ಕೇಳುತ್ತೇನೆ.

ದೊಡ್ಡ ಮಕ್ಕಳ ವಿಷಯ ಬೇರೆ. ನಮ್ಮ ಹಳ್ಳಿ ಮಕ್ಕಳ ಕೈಗೆ ಮೊಬೈಲು ಬಂದದ್ದು ಹೇಗೆ ಅಂತ ನೆನಪಿದೆಯಲ್ಲ? 2020ರಲ್ಲಿ ಶಾಲೆ ಮುಚ್ಚಿತು. ಮೇಷ್ಟರು ವಿದ್ಯಾಗಮ ಅಂತ ಮರದ ಕೆಳಗೆ, ದೇವಸ್ಥಾನದ ಕಟ್ಟೆ ಮೇಲೆ ಪಾಠ ಮಾಡಿದರು. ನನ್ನ ಪ್ರಕಾರ ಅದು ಆ ಕಾಲದ ಒಳ್ಳೆಯ ಕೆಲಸಗಳಲ್ಲಿ ಒಂದು. ಅದೂ ನಿಂತಿತು. ಸಾಲ ಮಾಡಿ, ಹಸು ಮಾರಿ ಜನ ಫೋನು ತಂದರು. ಹಳ್ಳಿ ಮಕ್ಕಳ ಓದು ಹೇಗಿದೆ ಅಂತ ನೋಡುವ ಅಸರ್ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ 36.5 ಶೇಕಡಾ. 2021ರಲ್ಲಿ 67.6. ಶಾಲೆ ತೆರೆಯಿತು, ಫೋನು ಮನೆಯಲ್ಲೇ ಉಳಿಯಿತು. ಅದೇ ಸಮೀಕ್ಷೆಯ 2024ರ ವರದಿಯಲ್ಲಿ, ಫೋನು ಬಳಸಲು ಬರುವ 14ರಿಂದ 16 ವರ್ಷದವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು 57 ಶೇಕಡಾ, ಸೋಶಿಯಲ್ ಮೀಡಿಯಾಕ್ಕೆ ಬಳಸಿದವರು 76 ಶೇಕಡಾ.

ಹದಿಹರೆಯದವರ ಸಂಕಟಕ್ಕೆಲ್ಲ ಫೋನೇ ಕಾರಣ ಅಂತ ನಾನು ಹೇಳುವುದಿಲ್ಲ. 2019ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕರು ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿದಾಗ, ಅವರ ನೆಮ್ಮದಿಯ ಏರಿಳಿತದಲ್ಲಿ ಡಿಜಿಟಲ್ ಬಳಕೆಯ ಜೊತೆ ತಳುಕು ಹಾಕಬಹುದಾದ ಪಾಲು ಹೆಚ್ಚೆಂದರೆ 0.4 ಶೇಕಡಾ ಅಂತ ಕಂಡಿತು. ಸರಾಸರಿ ಲೆಕ್ಕ ಅದು. ಸರಾಸರಿಯೊಳಗೆ ನಮ್ಮ ಮನೆಯ ಒಂದು ಮಗು ಮುಳುಗುತ್ತಿರಬಹುದು. ಮಗು ಆಟ ಬಿಟ್ಟಿತಾ, ಸ್ನೇಹಿತರನ್ನು ಬಿಟ್ಟಿತಾ, ನಿದ್ದೆ ಬಿಟ್ಟಿತಾ, ಫೋನು ತೆಗೆದರೆ ಮನೆಯವರ ಮೇಲೆ ಕೈ ಮಾಡುತ್ತದಾ ಅಂತ ನೋಡಿ. ಗಂಟೆ ಎಣಿಸುವುದಕ್ಕಿಂತ ಇದನ್ನು ನೋಡುವುದು ಮುಖ್ಯ. ಮೊಬೈಲು, ಕಂಪ್ಯೂಟರ್ ಆಟಗಳ ಮೇಲೆ ಹಿಡಿತ ತಪ್ಪುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಒಂದು ಕಾಯಿಲೆ ಅಂತ ತನ್ನ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ದೂರ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹೈಸ್ಕೂಲಿನ ಒಬ್ಬ ಹುಡುಗಿ ನನ್ನ ಹತ್ತಿರ ತಮ್ಮನನ್ನು ಕರೆದುಕೊಂಡು ಬರುತ್ತಿದ್ದಳು. ಹೊರಗೆ ಕೂತು ರೀಲ್ಸ್ ನೋಡುತ್ತಿದ್ದಳು. ಒಂದು ದಿನ ಕೇಳಿದೆ, ಏನು ನೋಡ್ತೀಯಮ್ಮಾ ಅಂತ. “ಏನಿಲ್ಲ ಆಂಟಿ. ಫೋಟೊ ಹಾಕಿದ್ರೆ ಹತ್ತು ಜನ ಲೈಕ್ ಮಾಡ್ತಾರೆ. ಮನೇಲಿ ಯಾರೂ ಏನೂ ಕೇಳಲ್ಲ” ಅಂದಳು. ಅವಳ ಮನೆಯವರು ಕೆಟ್ಟವರಲ್ಲ. ಮಾತು ಬಾರದ ತಮ್ಮನ ಹಿಂದೆಯೇ ಎಲ್ಲರೂ ಓಡುತ್ತಿದ್ದರು. ಅವಳೂ ಎಲ್ಲಿಂದಲೋ ಒಂದು ಓ ಹುಡುಕುತ್ತಿದ್ದಳು. ಅಂಥ ಮಗುವಿನ ಕೈಯಿಂದ ಫೋನು ಕಿತ್ತುಕೊಂಡರೆ ಇರುವ ಒಂದನ್ನೂ ಕಿತ್ತುಕೊಂಡ ಹಾಗೆ. ಮೊದಲು ಅವಳ ಪಕ್ಕ ಕೂರಬೇಕು. ಏನು ನೋಡ್ತೀಯ, ನನಗೂ ತೋರಿಸು ಅನ್ನಬೇಕು.

ಇಷ್ಟೆಲ್ಲ ಕೇಳಿ ಕೆಲವರಿಗೆ ಕೋಪ ಬಂದಿರಬಹುದು. ಗಾರ್ಮೆಂಟ್ಸಿಗೆ ಬೆಳಗ್ಗೆ ಎಂಟಕ್ಕೆ ಹೋಗಿ ಸಂಜೆ ಆರೂವರೆಗೆ ಬರುವ ತಾಯಿ, ಬಂದ ಮೇಲೆ ಮುದ್ದೆಗೆ ಎಸರಿಡಬೇಕು. ಒಂದೇ ಕೋಣೆಯ ಬಾಡಿಗೆ ಮನೆ. ಹೊರಗೆ ಬಿಟ್ಟರೆ ರಸ್ತೆ. ಅವಳು ಇಪ್ಪತ್ತು ನಿಮಿಷ ಫೋನು ಕೊಟ್ಟರೆ ಅದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ತಾಯಿ ಒಬ್ಬಳ ಮೇಲೆ ಈ ಹೊರೆ ಹಾಕುವುದನ್ನು ನಿಲ್ಲಿಸಬೇಕು. ಅಪ್ಪಂದಿರು ಎಲ್ಲಿದ್ದಾರೆ? ಇವತ್ತು ಈ ಸಭೆಯಲ್ಲಿ ಏಳು ಜನ ಇದ್ದೀರಿ, ಎಣಿಸಿದ್ದೇನೆ. ಬಂದದ್ದಕ್ಕೆ ನಿಜಕ್ಕೂ ಸಂತೋಷ. ಹತ್ತು ನಿಮಿಷ ಸಾಕು, ಫೋನು ಬೇರೆ ಕೋಣೆಯಲ್ಲಿಟ್ಟು ಮಗುವಿನ ಜೊತೆ ನೆಲದ ಮೇಲೆ ಕೂರಿ.

ಮೊದಲು ಹೇಳಿದ ಹುಡುಗನ ಕತೆ ಏನಾಯಿತು ಅಂತ ಕೇಳುತ್ತೀರಿ. ಕಿವಿ ಸರಿಯಾಗಿತ್ತು. ಮಕ್ಕಳ ವೈದ್ಯರು ಪೂರ್ತಿ ತಪಾಸಣೆ ಮಾಡಿ ಆಟಿಸಂ ಅಲ್ಲ ಅಂದರು. ದಿನಕ್ಕೆ ಆರೇಳು ಗಂಟೆ ಫೋನು ನೋಡುತ್ತಿದ್ದ. ನಿಲ್ಲಿಸಿದ ಮೊದಲ ನಾಲ್ಕು ದಿನ ಮನೆಯವರು ನಿದ್ದೆ ಮಾಡಲಿಲ್ಲ, ಅಷ್ಟು ಅತ್ತ. ಐದನೇ ದಿನ ಪಾತ್ರೆ ಬುಟ್ಟಿ ಬೋರಲು ಹಾಕಿ ಬಡಿಯತೊಡಗಿದ. ಅಮ್ಮನೂ ಎದುರಿಗೆ ಕೂತು ಬಡಿದರು. ಅವನು ಎರಡು ಬಡಿದರೆ ಇವರು ಎರಡು. ವಾರಕ್ಕೆ ಎರಡು ದಿನ ನನ್ನ ಹತ್ತಿರ ಬಂದರು, ಉಳಿದ ಐದು ದಿನ ಮನೆಯಲ್ಲಿ ಅವರೇ ಮಾಡಿದರು. ಐದು ತಿಂಗಳು ಹಿಡಿಯಿತು. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಅಂತ ಮಾತು ಕೊಡಲಾರೆ. ಅವನ ಮೊದಲ ಪದ ‘ಬಾ’.

ಹಿಂದಿನ ಸಾಲಿನಲ್ಲಿ ಕೂತ ಯಜಮಾನರೊಬ್ಬರು ಆಗಲೇ ಚೀಟಿ ಕಳಿಸಿದ್ದಾರೆ. “ಮೊಮ್ಮಗನ ಜೊತೆ ನಾನೇ ಇರುತ್ತೇನೆ. ನನಗೆ ಕತೆ ಬರುವುದಿಲ್ಲ, ಹಾಡು ಬರುವುದಿಲ್ಲ. ಏನು ಮಾತಾಡಲಿ?” ಅಂತ. ಅಯ್ಯಾ, ಕತೆ ಬೇಡ. ಹಸುವಿಗೆ ಹುಲ್ಲು ಹಾಕಲು ಹೋಗುತ್ತೀರಲ್ಲ, ಅವನನ್ನೂ ಕರೆದುಕೊಂಡು ಹೋಗಿ. ಒಂದು ಹಿಡಿ ಹುಲ್ಲು ಅವನ ಕೈಗೆ ಕೊಡಿ. ಹಸು ಅದನ್ನು ನಾಲಿಗೆ ಚಾಚಿ ಎಳೆದುಕೊಳ್ಳುವಾಗ ಅವನು ಏನಾದರೂ ಅನ್ನುತ್ತಾನೆ. ಅವನು ಏನಂದನೋ ಅದಕ್ಕೆ ನೀವೊಂದು ಮಾತು ಅನ್ನಿ. ಆಮೇಲೆ ಸ್ವಲ್ಪ ಸುಮ್ಮನಿದ್ದು ಕಾಯಿರಿ.